ಕಾರಿನ ಬಣ್ಣವೇಕೆ ಬೆಳ್ಳಗಾಯಿತು?

ನಮ್ಮ ಮನೆಯಲ್ಲಿ ಒಂದು ಹಳೆಯ ಅಂಬಾಸಡರ್ ಕಾರಿದೆ. 2014ರಲ್ಲಿ ಈ ಕಾರಿನ ತಯಾರಿಕೆ ನಿಂತುಹೋಯಿತು. ನಮ್ಮ ತಂದೆಯವರಿಗೆ ಅದರ ಮೇಲಿನ ಮಮತೆ ಮಾತ್ರ ನಿಂತಿಲ್ಲ. ಮಲೆನಾಡಿನ ಮಳೆಗೆ ಅದರ ಬಾಗಿಲುಗಳ ತಳ ತುಕ್ಕು ಹಿಡಿದಿತ್ತು. “ಇನ್ನೆರಡು ಮಳೆಗಾಲ ಕಳೆದರೆ ಬಾಗಿಲು ಜರಡಿಯಾಗುತ್ತದೆ” ಎಂದು ಅವರು ಚಿಂತಿಸುತ್ತಿದ್ದುದನ್ನು ಕಂಡು, ಬಣ್ಣ ಹಚ್ಚುವ ಕೆಲಸವನ್ನು ನಾವೇ ವಹಿಸಿಕೊಂಡೆವು. ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇದೇನು ಮಹಾ ಕೆಲಸ ಎಂಬ ಜಂಬವೂ ಇತ್ತೆನ್ನಬೇಕು. ಆಷಾಢದ ಒಂದು ಸಂಜೆ ಮಳೆ ಹೊಳವಾದುದನ್ನು ನೋಡಿ, ಮನೆಯ ಮುಂದಿನ ಚಪ್ಪರದಡಿಯಲ್ಲಿ ಕಾರಿಗೆ ನೀಲಿ ಬಣ್ಣ ಹೊಡೆದೆವು. ಸ್ವಲ್ಪ ಹೊತ್ತಿನಲ್ಲಿಯೇ ನೀಲಿಯ ಮೇಲೆ ಹಾಲು ಚೆಲ್ಲಿದಂತೆ ಬಿಳುಪು ಹರಡಿತು. ಬಾನೆಟ್ಟಿನ ಮೇಲೆ ಸಣ್ಣ ಸಣ್ಣ ಗುಂಡು ಗುಳಿಗಳು ಕಾಣಿಸಿಕೊಂಡವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಾಗಿಲ ತಳದ ಬಣ್ಣ ಹಪ್ಪಳದಂತೆ ಉಬ್ಬಿ ಎದ್ದುಬಂದಿತು. ಈ ಮೂರು ದೋಷಗಳ ಮೂಲವೂ ಬಣ್ಣದ ಡಬ್ಬಿಯಲ್ಲಿರಲಿಲ್ಲ, ನಮ್ಮ ಅವಸರದಲ್ಲಿತ್ತು. ಅವುಗಳ ಕಾರಣವನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲು ಗುಳಿಗಳ ವಿಷಯ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಹರಡದೆ ಮುತ್ತಿನಂತೆ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ದ್ರವವು ಮೇಲ್ಮೈಯನ್ನು ಒದ್ದೆಮಾಡದಿದ್ದಲ್ಲಿ ಹೀಗಾಗುತ್ತದೆ. ಎಣ್ಣೆ, ಪಾಲಿಷ್ ಅಥವಾ ಮೇಣದ ಅಂಶ ಒಂದಿಷ್ಟು ಉಳಿದಿದ್ದರೂ ಮೇಲ್ಮೈ ಎಳೆತದ ವ್ಯತ್ಯಾಸದಿಂದ ಬಣ್ಣ ಅಲ್ಲಿಂದ ಹಿಂದಕ್ಕೆ ಸರಿಯುತ್ತದೆ, ಗುಳಿ ಬೀಳುತ್ತದೆ. ಆದುದರಿಂದ ಎಲ್ಲಕ್ಕಿಂತ ಮೊದಲು ಸಾಬೂನು ನೀರಿನಿಂದ ತೊಳೆದು, ಆಮೇಲೆ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ದ್ರಾವಕ ಆರುವುದಕ್ಕೆ ಮುಂಚೆಯೇ ಒಣಬಟ್ಟೆಯಿಂದ ಮತ್ತೊಮ್ಮೆ ಒರಸಬೇಕು; ಇಲ್ಲವಾದರೆ ದ್ರಾವಕ ಮಾತ್ರ ಆವಿಯಾಗಿ, ಜಿಡ್ಡು ಇದ್ದಲ್ಲಿಯೇ ಉಳಿಯುತ್ತದೆ. ಕೊನೆಗೆ ನೀರು ಹೊಯ್ದು ನೋಡಿ. ನೀರು ಒಡೆಯದೆ ಒಂದೇ ಹಾಳೆಯಂತೆ ಹರಡಿದರೆ ಮೇಲ್ಮೈ ಶುದ್ಧವಾಗಿದೆ. ಹನಿಗಟ್ಟಿದರೆ ಜಿಡ್ಡು ಉಳಿದಿದೆ. ಈ ಕೆಲಸ ಮುಗಿಯುವ ಮೊದಲು ಉಪ್ಪುಕಾಗದವನ್ನು ಮುಟ್ಟಬಾರದು. ತಿಕ್ಕಿದರೆ ಜಿಡ್ಡು ಗೀರುಗಳೊಳಕ್ಕೆ ಇಳಿಯುತ್ತದೆ.

ಇನ್ನು ಬಾಗಿಲಿನ ಹಪ್ಪಳ. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ದೊರೆತಲ್ಲಿ ತುಕ್ಕು ಹುಟ್ಟುತ್ತದೆ. ಈ ತುಕ್ಕಿಗೆ, ಅದರಲ್ಲಿ ಸವೆದುಹೋದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಸಡಿಲವಾಗಿದ್ದು ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೀಗಿರುವಲ್ಲಿ ತುಕ್ಕಿನ ಮೇಲೆ ಹಚ್ಚಿದ ಬಣ್ಣ ತುಕ್ಕನ್ನು ತಡೆಯಲಾರದು. ತುಕ್ಕೇ ಬೆಳೆದು ಬಣ್ಣವನ್ನು ಮೇಲಕ್ಕೆ ನೂಕುತ್ತದೆ. ಆದುದರಿಂದ 80ನೆಯ ಅಂಕೆಯ ಉಪ್ಪುಕಾಗದದಿಂದ, ಹೊಳೆಯುವ ಲೋಹ ಕಾಣುವವರೆಗೂ ತಿಕ್ಕಬೇಕು. ಅಂಕೆ ಹೆಚ್ಚಿದಂತೆಲ್ಲ ಕಾಗದದ ಹರಳು ಸಣ್ಣದೆಂದು ತಿಳಿಯಬೇಕು. ಬಿಗಿಯಾಗಿ ಕುಳಿತ ಹಳೆಯ ಬಣ್ಣವನ್ನು ಕಿತ್ತುಹಾಕಬೇಕಾಗಿಲ್ಲ. ಹೊಳಪು ಹೋಗುವಷ್ಟು ತಿಕ್ಕಿದರೆ ಹೊಸ ಪದರಕ್ಕೆ ಹಿಡಿತ ಸಿಕ್ಕುತ್ತದೆ. ಆದರೆ ಹೊಸ ಬಣ್ಣದ ಥಿನ್ನರು ಹಳೆಯ ಪದರವನ್ನು ಮುರುಟಿಸುವುದುಂಟು. ಮರೆಯ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸುವುದು ಜಾಣತನ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ನೀರು ಹಾಕಿ ತಿಕ್ಕಬೇಕು. ಆಗ ಧೂಳು ಏಳದು. ಬಳಿಕ ಲೋಹವನ್ನು ತಡಮಾಡದೆ ಒಣಗಿಸಬೇಕು.

ಬರಿಯ ಲೋಹಕ್ಕೆ ಮೊದಲು ಹಚ್ಚುವುದು ಪ್ರೈಮರ್. ಲೋಹವನ್ನು ಹಿಡಿದುಕೊಳ್ಳುವುದೂ ಮೇಲಿನ ಬಣ್ಣಕ್ಕೆ ಹಿಡಿತ ಕೊಡುವುದೂ ಅದರ ಕೆಲಸ. ತಗ್ಗುಗಳನ್ನು ತುಂಬುವುದು ಪುಟ್ಟಿಯ ಕೆಲಸ. ಪುಟ್ಟಿಯನ್ನು ತೆಳುವಾಗಿ ಎಳೆದು, ಒಣಗಿದ ಮೇಲೆ 220ರ ಕಾಗದದಿಂದ ಸಮಮಾಡಿ, ಮತ್ತೊಮ್ಮೆ ಪ್ರೈಮರ್ ಹೊಡೆದು, 400ರ ಕಾಗದದಿಂದ ನಯಗೊಳಿಸಬೇಕು. ಕಣ್ಣಿಗೆ ಕಾಣದ ಏರುತಗ್ಗು ಅಂಗೈಗೆ ತಿಳಿಯುತ್ತದೆ. ಹೊಳೆಯುವ ಬಣ್ಣವು ಕನ್ನಡಿಯಂತೆ. ಅದು ದೋಷವನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಈಗ ಬಿಳುಪಿನ ರಹಸ್ಯಕ್ಕೆ ಬರೋಣ. ಒಂದು ಕಾಲಕ್ಕೆ ಕಾರಿಗೆ ಹಚ್ಚಿದ ಎಣ್ಣೆಬಣ್ಣ ಪೂರ್ತಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಅಮೆರಿಕದ ಓಕ್ಲೆಂಡ್ ಕಾರುಗಳಿಗೆ ಬಳಸಿದ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಈ ಕಾಲವನ್ನು ಗಂಟೆಗಳಿಗೆ ಇಳಿಸಿತು. ನಮ್ಮಲ್ಲಿ ಇಂದಿಗೂ ಇಂಥ ಬಣ್ಣಕ್ಕೆ ‘ಡ್ಯೂಕೊ’ ಎನ್ನುವ ರೂಢಿಯಿದೆ. ಇದು ಒಣಗುವುದು ಥಿನ್ನರು ಆವಿಯಾಗುವುದರಿಂದ. ಆವಿಯಾಗಲು ಗುಪ್ತೋಷ್ಣ ಬೇಕು. ಥಿನ್ನರು ಅದನ್ನು ಕಾರಿನ ಮೇಲ್ಮೈಯಿಂದಲೇ ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಈ ಕಾರಣದಿಂದಲೇ. ಗಾಳಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 90 ಎಂದಿಟ್ಟುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 23 ಡಿಗ್ರಿ. ಮೇಲ್ಮೈ ಎರಡೇ ಡಿಗ್ರಿ ತಣಿದರೂ ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ಈ ನೀರು ಒಣಗುತ್ತಿರುವ ಪೊರೆಯನ್ನು ಹೊಕ್ಕು ಕೆಡಿಸಿ, ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತದೆ. ಮೋಡ ಬೆಳ್ಳಗೆ ಕಾಣುವ ಹಾಗೆ ಬಣ್ಣವೂ ಬೆಳ್ಳಗೆ ಕಾಣುತ್ತದೆ. ಅದೇ 25 ಡಿಗ್ರಿಯಲ್ಲಿ ಆರ್ದ್ರತೆ ಶೇಕಡ 50 ಇದ್ದರೆ ಇಬ್ಬನಿ ಬಿಂದು ಸುಮಾರು 14 ಡಿಗ್ರಿ; ಮೇಲ್ಮೈ ಅಷ್ಟು ತಣಿಯುವುದು ಸುಲಭವಲ್ಲ. ನಾವು ಮಳೆ ನಿಂತದ್ದನ್ನು ಮಾತ್ರ ನೋಡಿದ್ದೆವು. ಗಾಳಿಯಲ್ಲಿದ್ದ ನೀರನ್ನು ಮರೆತಿದ್ದೆವು.

ಬಣ್ಣ ಹೊಡೆಯುವಾಗ ಸ್ಪ್ರೇ ಗನ್ನನ್ನು ಮೇಲ್ಮೈಗೆ ನೇರವಾಗಿ, 15ರಿಂದ 20 ಸೆಂಟಿಮೀಟರು ದೂರದಲ್ಲಿ ಹಿಡಿದು, ಒಂದೇ ವೇಗದಲ್ಲಿ ಸಾಗಿಸಬೇಕು. ಪ್ರತಿಯೊಂದು ಪಟ್ಟೆಯೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ತೀರ ದೂರವಾದರೆ ಹನಿಗಳು ದಾರಿಯಲ್ಲಿಯೇ ಒಣಗಿ ಮೈ ಒರಟಾಗುತ್ತದೆ. ತೀರ ಹತ್ತಿರವಾದರೆ ಬಣ್ಣ ಸೋರುತ್ತದೆ. ನಿಂತ ಮೇಲ್ಮೈಯಲ್ಲಿ ದ್ರವದ ಹರಿವು ಪದರದ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಎರಡರಷ್ಟಾದರೆ ಹರಿವು ಎಂಟರಷ್ಟು! ಒಂದೇ ದಪ್ಪ ಪದರಕ್ಕಿಂತ ಹಲವು ತೆಳು ಪದರಗಳು ಮೇಲೆಂಬುದಕ್ಕೆ ಕಾರಣ ಇದೇ. ಪದರ ಪದರಕ್ಕೂ ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು.

ಒಂದು ಎಚ್ಚರಿಕೆಯನ್ನು ಹೇಳದೆ ಇರಲಾಗದು. ಥಿನ್ನರಿನ ಆವಿ ಗಾಳಿಗಿಂತ ಭಾರವಾದುದು; ನೆಲದ ಮೇಲೆಯೇ ಹರಿದು ದೂರದ ಒಲೆಯನ್ನು ಮುಟ್ಟಬಲ್ಲದು. ತಕ್ಕ ಮುಖವಾಡ, ಧಾರಾಳವಾದ ಗಾಳಿ, ಹತ್ತಿರದಲ್ಲೆಲ್ಲೂ ಬೆಂಕಿಯಿಲ್ಲದಿರುವುದು, ಇವು ಮೂರೂ ಬೇಕು. ಗಟ್ಟಿಕಾರಕವನ್ನು ಬೆರೆಸಿ ಹೊಡೆಯುವ ಇಂದಿನ ಪಾಲಿಯುರೆಥೇನ್ ಬಣ್ಣಗಳಲ್ಲಿ ಐಸೊಸಯನೇಟುಗಳಿರುತ್ತವೆ. ಇವು ಉಸಿರಿನೊಡನೆ ಒಳಹೊಕ್ಕರೆ ಗೂರಲು ರೋಗವನ್ನು ತರಬಲ್ಲವು. ಅಂಥ ಬಣ್ಣವನ್ನು ಮನೆಯಲ್ಲಿ ಹೊಡೆಯುವ ಸಾಹಸ ಬೇಡ.

ಜನವರಿಯ ಒಣಹವೆಯಲ್ಲಿ ನಾವು ಕೆಲಸವನ್ನು ಮೊದಲಿನಿಂದ ಮಾಡಿದೆವು. ಒಂಬತ್ತು ದಿನ ತೊಳೆದು, ತಿಕ್ಕಿ, ಸಮಮಾಡುವುದರಲ್ಲಿ ಕಳೆಯಿತು. ಬಣ್ಣ ಹೊಡೆದದ್ದು ಒಂದು ಬೆಳಗ್ಗೆ. ಈ ಸಲ ನೀಲಿ ನೀಲಿಯಾಗಿಯೇ ಉಳಿಯಿತು. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಗೆ ನಮ್ಮ ಕಾರು ಇನ್ನು ಉದಾಹರಣೆಯಾಗದು ಎಂದುಕೊಂಡೆವು. ತಂದೆಯವರು ಕಾರನ್ನು ಒಂದು ಸುತ್ತು ಬಂದರು. ಹೊಳಪಿನ ಬಗ್ಗೆ ಏನನ್ನೂ ಹೇಳಲಿಲ್ಲ. ಬಾಗಿಲನ್ನು ತೆರೆದು, ಅದರ ತಳದಲ್ಲಿ ನೀರು ಹೊರಗೆ ಹೋಗಲೆಂದು ಬಿಟ್ಟಿರುವ ಸಣ್ಣ ರಂಧ್ರಗಳನ್ನು ಬೆರಳಿನಿಂದ ಮುಟ್ಟಿ ನೋಡಿ, “ಇಲ್ಲಿಯ ಮಣ್ಣು ತೆಗೆದೆಯೋ ಇಲ್ಲವೋ?” ಎಂದರು. ತುಕ್ಕು ಮೊದಲು ಹುಟ್ಟಿದ ಜಾಗ ಅದೇ. ನಾವು ಮತ್ತೆ ಕಡ್ಡಿ ಹಿಡಿದು ಕುಳಿತೆವು.