ಉಪಕರಣ ವಿವರಣೆ ಮತ್ತು ಲಕ್ಷಣದೋಷ
ಕೃತಕ ಬುದ್ಧಿಮತ್ತೆಯ ಏಜೆಂಟ್ ತಾನು ಬಳಸುವ ಉಪಕರಣದ ಒಳರಚನೆಯನ್ನು ಸಾಮಾನ್ಯವಾಗಿ ಕಾಣದು. ಅದಕ್ಕೆ ದೊರೆಯುವುದು ಉಪಕರಣದ ಹೆಸರು, ವಿವರಣೆ ಹಾಗೂ ತುಂಬಬೇಕಾದ ಅಂಶಗಳ ಪಟ್ಟಿ ಮಾತ್ರ. 2024ರಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿಯೂ ವ್ಯವಸ್ಥೆ ಇದೇ. ಆದುದರಿಂದ ನ್ಯಾಯಶಾಸ್ತ್ರವು ಗುರುತಿಸಿದ ಲಕ್ಷಣದೋಷಗಳು ಇಲ್ಲಿ ಕೇವಲ ತರ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗ್ರಂಥಾಲಯದಲ್ಲಿ ಪ್ರತಿ ಇದೆಯೇ ಎಂದಷ್ಟೇ ತಿಳಿಸುವ ಉಪಕರಣಕ್ಕೆ ‘ಪುಸ್ತಕದ ಮಾಹಿತಿ ನೀಡುತ್ತದೆ’ ಎಂದು ಬರೆದರೆ ಅತಿವ್ಯಾಪ್ತಿ. ಕೃತಿಯ ಸಾರಾಂಶ ಕೇಳಿದಾಗಲೂ ಏಜೆಂಟ್ ಅದನ್ನೇ ಕರೆಯಬಹುದು. ‘ಕಾದಂಬರಿಯ ಲಭ್ಯತೆ ತಿಳಿಸುತ್ತದೆ’ ಎಂದರೆ ಅವ್ಯಾಪ್ತಿ. ಕವನಸಂಕಲನ ಬೇಕೆಂದಾಗ ಅದನ್ನು ಬಿಟ್ಟುಬಿಡಬಹುದು. ಯಾವುದಕ್ಕೆ ಬಳಸಬಾರದೆಂಬ ನಿಷೇಧವಾಕ್ಯವೇ ಮೊದಲನೆಯ ದೋಷಕ್ಕೆ ಪರಿಹಾರ. ಪ್ರತಿಯನ್ನು ಕಾಯ್ದಿರಿಸುವ ಉಪಕರಣದಲ್ಲಿ ‘ದಿನಾಂಕ’ ಎಂಬ ಪದವೊಂದೇ ಸಾಲದು: 03/04 ಎಂಬುದನ್ನು ಏಪ್ರಿಲ್ 3 ಎಂದೂ ಮಾರ್ಚ್ 4 ಎಂದೂ ಓದಬಹುದು. ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಉದಾಹರಣೆಸಹಿತ ಬರೆಯದಿದ್ದರೆ ಪುಸ್ತಕ ತಪ್ಪು ದಿನಕ್ಕೆ ಕಾಯ್ದಿರಿಸಲ್ಪಡಬಹುದು, ದೋಷಸೂಚನೆಯೂ ಬಾರದಿರಬಹುದು.