ಹೊಲದ ಮಣ್ಣು ಕಡಲ ಪಾಲಾದರೆ

ಜೋರು ಮಳೆ ಬಂದಾಗ ಹಳ್ಳದ ನೀರು ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಬಣ್ಣ ನೀರಿನದಲ್ಲ. ಯಾವುದೋ ಹೊಲದ ಮೇಲ್ಮಣ್ಣಿನದು. ಅದು ಕಡಲು ಸೇರಿದರೆ ಆಗುವ ಅನಾಹುತಕ್ಕೆ ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿ ಒಂದು ಪಾಠ.

ಸುಮಾರು 320 ಕಿಲೋಮೀಟರ್ ಉದ್ದದ ಈ ಕೊಲ್ಲಿಯ ಸರಾಸರಿ ಆಳ ಕೇವಲ ಆರೂವರೆ ಮೀಟರ್. ರಾಜಧಾನಿ ವಾಷಿಂಗ್ಟನ್ ಹಾಗೂ ಆರು ರಾಜ್ಯಗಳಲ್ಲಿ ಹರಡಿದ ಸುಮಾರು 1,66,000 ಚದರ ಕಿಲೋಮೀಟರ್ ನೆಲದ ನೀರು ಇಲ್ಲಿಗೆ ಹರಿದು ಬರುತ್ತದೆ. ಅದರೊಡನೆ ಬರುವ ಹೂಳು ಬಿಸಿಲನ್ನು ತಡೆಯುತ್ತದೆ. ಬೆಳಕಿಲ್ಲದೆ ತಳದ ಹುಲ್ಲು ಸಾಯುತ್ತದೆ. ಮರಿಮೀನು, ಏಡಿಗಳಿಗೆ ಆ ಹುಲ್ಲೇ ಆಸರೆ. ಗೊಬ್ಬರದ ಸಾರಜನಕ, ರಂಜಕಗಳಿಂದ ಪಾಚಿ ಕೊಬ್ಬುತ್ತದೆ. ಅದು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ತೀರಿಹೋಗುತ್ತದೆ.

ಕೊಲ್ಲಿಯ ಸಿಹಿನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಸಸ್ಕ್ವೆಹಾನ ನದಿಯದು. ಇದಕ್ಕೆ ಅಡ್ಡಲಾಗಿ 1928ರಲ್ಲಿ ಮುಗಿದ ಕಾನೊವಿಂಗೊ ಅಣೆಕಟ್ಟು ವಿದ್ಯುತ್ತಿಗಾಗಿ ಕಟ್ಟಿದ್ದು. ಆದರೂ ಹಲವು ದಶಕಗಳ ಕಾಲ ಅದು ಹೂಳನ್ನು ಹಿಡಿದಿಟ್ಟಿತು. ಈಗ ಜಲಾಶಯದ ಹೊಟ್ಟೆ ಬಹುತೇಕ ತುಂಬಿದೆ. ದೊಡ್ಡ ನೆರೆ ಬಂದರೆ ಹಳೆಯ ಹೂಳೂ ಕೊಚ್ಚಿಕೊಂಡು ಹೋಗುತ್ತದೆ. 1972ರ ಆಗ್ನೆಸ್ ಚಂಡಮಾರುತದ ನೆರೆಯಲ್ಲಿ ಹೀಗಾಗಿ, ಕೊಲ್ಲಿಯ ಹುಲ್ಲುಗಾವಲುಗಳು ವಿಪರೀತ ಹಾನಿಗೊಳಗಾದವು.

ಹಾಗಾದರೆ ಮಣ್ಣನ್ನು ತಡೆಯಬೇಕಾದ ಜಾಗ ಯಾವುದು? ಮನೆಯಲ್ಲೇ ಪರೀಕ್ಷಿಸಿ. ಎರಡು ತಟ್ಟೆಗಳನ್ನು ಓರೆಯಾಗಿಡಿ. ಒಂದರಲ್ಲಿ ಬರಿಯ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣಿನ ಹೆಂಟೆ ಇರಲಿ. ಎರಡಕ್ಕೂ ಸಮನಾಗಿ ನೀರು ಚಿಮುಕಿಸಿ. ಕೆಳಗೆ ಸೋರಿದ ನೀರಿನ ಬಣ್ಣವೇ ಉತ್ತರ ಹೇಳುತ್ತದೆ. ಎಲೆಗಳು ಹನಿಯ ಪೆಟ್ಟನ್ನು ತಾಳುತ್ತವೆ, ಬೇರುಗಳು ಮಣ್ಣನ್ನು ಹಿಡಿಯುತ್ತವೆ.

ಚೆಸಪೀಕ್ ಸುತ್ತಲಿನ ಅನೇಕ ರೈತರು ಮಾಡುವುದೂ ಇದನ್ನೇ. ಮೆಕ್ಕೆಜೋಳ, ಸೋಯಾ ಕಟಾವಾದ ಮೇಲೆ ಹೊಲವನ್ನು ಬರಿದಾಗಿ ಬಿಡದೆ ರೈ ಎಂಬ ಧಾನ್ಯವನ್ನು ಬಿತ್ತುತ್ತಾರೆ. ಅದು ಮಣ್ಣಿನಲ್ಲಿ ಮಿಕ್ಕ ಸಾರಜನಕವನ್ನೂ ಹೀರುತ್ತದೆ. ಉಳುಮೆ ಕಡಿಮೆ ಮಾಡುತ್ತಾರೆ. ಹಳ್ಳದ ದಂಡೆಯಲ್ಲಿ ಮರಗಳ ಸಾಲು ಬೆಳೆಸಿ, ದನಗಳು ನೀರಿಗಿಳಿಯದಂತೆ ಬೇಲಿ ಹಾಕುತ್ತಾರೆ.

ತೊಡಕಿರುವುದು ಬೇರೆ ಕಡೆ. ಸಸ್ಕ್ವೆಹಾನ ಬಹುಪಾಲು ಹರಿಯುವುದು ಪೆನ್ಸಿಲ್ವೇನಿಯದಲ್ಲಿ. ಆ ರಾಜ್ಯಕ್ಕೆ ಕೊಲ್ಲಿಯ ದಂಡೆಯೇ ಇಲ್ಲ. ದಂಡೆಯ ಪಟ್ಟಿಯಲ್ಲಿ ಬೆಳೆ ಬಿಡುವವನು ಮೇಲಿನ ರೈತ; ಏಡಿ, ಮೀನಿನ ಲಾಭ ಕೆಳಗಿನ ಬೆಸ್ತನಿಗೆ. ಆದ್ದರಿಂದಲೇ ಮೇರಿಲ್ಯಾಂಡ್ ರಾಜ್ಯ ಹೊದಿಕೆ ಬೆಳೆಗೆ ರೈತರಿಗೆ ಹಣ ಕೊಡುತ್ತದೆ. ರಾಜ್ಯಗಳ ಮೊದಲ ಒಪ್ಪಂದ 1983ರಲ್ಲಾಯಿತು; 2010ರಲ್ಲಿ ಮಾಲಿನ್ಯಕ್ಕೆ ಮಿತಿ ಗೊತ್ತುಪಡಿಸಲಾಯಿತು. ಆದರೂ ಸಾರಜನಕ, ರಂಜಕಗಳ ಗುರಿ 2025ರೊಳಗೆ ಪೂರ್ತಿ ಕೈಗೂಡಲಿಲ್ಲ.

ಅಣೆಕಟ್ಟೆಗೆ ಒಂದು ದಿನ ಹೊಟ್ಟೆ ತುಂಬುತ್ತದೆ. ಬೇರಿಗೆ ಹಾಗಲ್ಲ, ಪ್ರತಿ ವರ್ಷವೂ ಹೊಸದಾಗಿ ಹಿಡಿಯುತ್ತದೆ. ಅದನ್ನು ಬೆಳೆಸುವ ರೈತನ ಖರ್ಚಿನಲ್ಲಿ ಕೆಳಗಿನವರೂ ಪಾಲು ಕೊಡುವುದು ನ್ಯಾಯ.