ರಾಕೆಟ್ ಕಟ್ಟೋರು ಒಬ್ಬರು, ಅದರೊಳಗಿನ ಮನೆ ಕಟ್ಟೋರು ಹತ್ತು ಮಂದಿ

ಮುರಗೋಡದ ನಮ್ಮ ಮನೆಯಿಂದ ಮಾತಾಡ್ತಾ ಇದ್ದೀನಿ. ನಡುವೆ ಟ್ರ್ಯಾಕ್ಟರ್ ಸಪ್ಪಳ ಬಂದ್ರೆ ಹೊಂದಿಕೊಳ್ಳಿ, ನಮ್ಮ ಸ್ಟುಡಿಯೋ ಇದೇ.

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಪೋಸ್ಟರ್‌ನಿಂದ. ನನ್ನ ಚಿಕ್ಕಪ್ಪನ ಮಗಳು ಎಂಟನೇ ಕ್ಲಾಸಿನಿಂದ ಗೋಡೆ ಮೇಲೆ ಚಂದ್ರಯಾನದ ಪೋಸ್ಟರ್ ಅಂಟಿಸಿಕೊಂಡಿದ್ದಳು. ಪಿಯುಸಿ ಮುಗೀತು. ಎಂಜಿನಿಯರಿಂಗ್‌ಗೆ ಬೇಕಿದ್ದ ರ‍್ಯಾಂಕ್ ಬರಲಿಲ್ಲ, ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಸೀಟು ಸಿಕ್ತು. "ಅಗ್ರಿ ಓದಿ ಮತ್ತ ಹೊಲಕ್ಕ ಬರೂದನು?" ಅಂತ ಬೀಗರು ನಕ್ಕರು. ಮರುದಿನ ನೋಡಿದ್ರೆ ಪೋಸ್ಟರ್ ಇಲ್ಲ. ಯಾಕಂತ ಕೇಳಿದೆ. "ರಾಕೆಟ್ ನಮ್ಮ ಲೈನ್ ಅಲ್ಲ ಬಿಡಣ್ಣ" ಅಂದಳು.

ನಾನು ಬಿ.ಕಾಂ. ಮುಗಿಸಿದವನು, ನನಗೆ ಉತ್ತರ ತೋಚಲಿಲ್ಲ. ಹಾಗಾಗಿ ಕೂತು ಓದಿದೆ. ಓದಿದ್ಮೇಲೆ ಗೊತ್ತಾಗಿದ್ದು ಇಷ್ಟು: ಮನುಷ್ಯರನ್ನ ಮೇಲಕ್ಕೆ ಕಳಿಸೋದು ಒಂದು ಕೆಲಸ, ಅವರು ಅಲ್ಲಿ ಬದುಕೋ ಹಾಗೆ ಮಾಡೋದು ಇನ್ನೊಂದು ಕೆಲಸ. ಎರಡನೇ ಕೆಲಸಕ್ಕೆ ಅಡುಗೆ, ವೈದ್ಯ, ಮನಸ್ಸು, ಮನೆ, ಬೀಜ, ಎಲ್ಲಾ ಬಲ್ಲವರು ಬೇಕು.

ಟೂರ್ ಬೇರೆ, ಸಂಸಾರ ಬೇರೆ

ಮೊದಲು ನನ್ನ ಲೈನಿನ ಲೆಕ್ಕ ಹೇಳ್ತೀನಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕೆಜಿ ಆಮ್ಲಜನಕ ಬೇಕು. ಅವನು ಹೊರಗೆ ಬಿಡೋದು ಸುಮಾರು 1 ಕೆಜಿ ಇಂಗಾಲದ ಡೈಆಕ್ಸೈಡ್. ಇಸ್ರೋದ ಗಗನಯಾನ ಯೋಜನೆ ಇರೋದು ಮೂವರನ್ನು ಸುಮಾರು 400 ಕಿ.ಮೀ. ಎತ್ತರಕ್ಕೆ ಒಯ್ದು, ಮೂರು ದಿನ ಇಟ್ಟು, ವಾಪಸ್ ಕರೆತರೋದಕ್ಕೆ. ಮೂವರು, ಮೂರು ದಿನ: ಏಳೂವರೆ ಕೆಜಿ ಆಮ್ಲಜನಕ. ಅಂದ್ರೆ ಇದು ಟೂರ್. ಬುತ್ತಿ ಕಟ್ಟಿಕೊಂಡು ಹೋಗಿ ಬರಬಹುದು.

ಅದೇ ಮೂವರು ಒಂದು ವರ್ಷ ಇದ್ರೆ? ಆಮ್ಲಜನಕವೇ 920 ಕೆಜಿ. ತಲೆಗೆ ದಿನಕ್ಕೆ ಮೂರೇ ಲೀಟರ್ ಅಂದ್ರೂ ನೀರು 3,285 ಲೀಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಂದು ಪೌಂಡ್ ಸಾಮಾನು ಅಂತರಿಕ್ಷಕ್ಕೆ ಸಾಗಿಸೋಕೆ ಸುಮಾರು 7.5 ಲಕ್ಷ ರೂಪಾಯಿ. ಕೆಜಿಗೆ ಹದಿನಾರೂವರೆ ಲಕ್ಷ ಆಯ್ತು. ನೀರಿನ ಸಾಗಣೆ ಖರ್ಚು ಒಂದೇ 540 ಕೋಟಿ ದಾಟುತ್ತೆ!

ಹಾಗಾಗಿ ಅಲ್ಲಿ ಖರ್ಚಿನ ಕಾಲಮ್ಮಿಗೆ ಹೋದದ್ದೆಲ್ಲ ಮತ್ತೆ ಜಮಾ ಕಾಲಮ್ಮಿಗೆ ಬರಬೇಕು. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲಾ ಶುದ್ಧ ಮಾಡಿ ಕುಡಿಯೋ ನೀರು ಮಾಡ್ತಾರೆ. 2023ರಲ್ಲಿ ಶೇ. 98ರಷ್ಟು ನೀರು ವಾಪಸ್ ಪಡೆಯೋ ಮಟ್ಟ ಮುಟ್ಟಿದರು. ನೂರು ಲೀಟರಿಗೆ ಎರಡೇ ಲೀಟರ್ ನಷ್ಟ. ನಮ್ಮೂರಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ಕಾಯ್ದವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಭಾರತ 2035ರ ಹೊತ್ತಿಗೆ ತನ್ನದೇ ಅಂತರಿಕ್ಷ ನಿಲ್ದಾಣ ಕಟ್ಟೋ ಗುರಿ ಇಟ್ಟುಕೊಂಡಿದೆ. ಟೂರ್ ಮುಗಿದು ಸಂಸಾರ ಶುರುವಾಗೋದು ಅಲ್ಲಿಂದ.

ಒಬ್ಬರ ಉತ್ತರ, ಇನ್ನೊಬ್ಬರ ತೊಂದರೆ

2020ರ ಲಾಕ್‌ಡೌನ್ ನೆನಪು ಮಾಡ್ಕೊಳ್ಳಿ. ನಮ್ಮ ಮನೆಯಲ್ಲಿ ಎಂಟು ಮಂದಿ. ಹಳೇ ಮಣ್ಣಿನ ಮಾಳಿಗೆ ಮನೆ. ಊಟಕ್ಕೆ ಕಮ್ಮಿ ಇರಲಿಲ್ಲ, ಆದ್ರೂ ಹದಿನೈದು ದಿನಕ್ಕೆ ಎಲ್ಲರ ತಲೆ ಕೆಟ್ಟಿತ್ತು. ಫ್ಯಾನ್ ಹಾಕಿದ್ರೆ ಅಜ್ಜನಿಗೆ ಸಪ್ಪಳ, ಆರಿಸಿದ್ರೆ ಅವ್ವನಿಗೆ ಸೆಕೆ. ಅಜ್ಜ ಮಾತ್ರ ದಿನಾ ಮಧ್ಯಾಹ್ನ ಬೆಳಕಿಂಡಿ ಕೆಳಗೆ ಚಾಪೆ ಹಾಕಿ, ಮೇಲಿಂದ ಬೀಳೋ ಬಿಸಿಲಿನ ತುಣುಕು ನೋಡ್ತಾ ಮಲಗೋನು. "ಹೊತ್ತು ಎಷ್ಟಾತು ಅಂತ ತಿಳೀಬೇಕಲ್ಲೋ" ಅನ್ನೋನು.

ನಗಬೇಡಿ, ಅಂತರಿಕ್ಷದ ಮನೆಯಲ್ಲೂ ಜಗಳ ಇದೇ.

ಫ್ಯಾನಿಂದ ಶುರು ಮಾಡೋಣ. ಭೂಮಿ ಮೇಲೆ ನಾವು ಬಿಟ್ಟ ಬಿಸಿ ಉಸಿರು ಹಗುರಾಗಿ ತಾನೇ ಮೇಲೇರಿ ಹೋಗುತ್ತೆ. ಕಕ್ಷೆಯಲ್ಲಿ ತೂಕವೇ ತೋರದ ಕಾರಣ ಅದು ಏರಲ್ಲ. ಮಲಗಿದವನ ಮೂಗಿನ ಮುಂದೆ ಅವನದೇ ಉಸಿರು ಗುಂಪಾಗಿ ನಿಂತುಬಿಡುತ್ತೆ. ತಲೆನೋವು ಬರುತ್ತೆ, ಹೆಚ್ಚಾದ್ರೆ ಜೀವಕ್ಕೇ ಅಪಾಯ. ಹಾಗಾಗಿ ಎಂಜಿನಿಯರ್ ಫ್ಯಾನ್ ಇಡ್ತಾನೆ, ಅದು ಒಂದು ಕ್ಷಣ ನಿಲ್ಲೋ ಹಾಗಿಲ್ಲ. ಆಗ ವೈದ್ಯ ಬಂದು, 'ಈ ಸಪ್ಪಳದಲ್ಲಿ ಆರು ತಿಂಗಳು ಇದ್ರೆ ಕಿವಿ, ನಿದ್ದೆ ಎರಡೂ ಹೋಗುತ್ತೆ' ಅಂತಾನೆ. ಸಪ್ಪಳ ಹೀರೋಕೆ ಗೋಡೆಗೆ ಮೆತ್ತನೆ ಪದರ ಹಾಕಿದ್ರೆ ಬೆಂಕಿಯ ಸುರಕ್ಷತೆ ನೋಡೋನು ತಕರಾರು ತೆಗೀತಾನೆ: 'ಅದು ಹೊತ್ತಿಕೊಂಡ್ರೆ?' ಹೊತ್ತದ ವಸ್ತು ತಂದ್ರೆ ತೂಕದ ಲೆಕ್ಕದವನು ಪುಸ್ತಕ ತೆಗೀತಾನೆ. ಎಲ್ಲರೂ ತಮ್ಮ ತಮ್ಮ ವಿದ್ಯೆಯಲ್ಲಿ ಸರಿ. ಆದ್ರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ತೊಂದರೆ. ಅದಕ್ಕೇ ಎಲ್ಲರನ್ನೂ ಮೊದಲ ದಿನವೇ ಒಂದೇ ಮೇಜಿಗೆ ಕೂರಿಸಬೇಕು.

ಇನ್ನು ನಮ್ಮ ಅಜ್ಜನ ಬೆಳಕಿಂಡಿ. ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್. ಅದು ಹಾರಿದ್ದು 1973ರಲ್ಲಿ. ಅದರ ಒಳಾಂಗಣಕ್ಕೆ ಸಲಹೆ ಕೊಡೋಕೆ ನಾಸಾ ಕರೆದದ್ದು ರೇಮಂಡ್ ಲೋವಿ ಅನ್ನೋ ವಿನ್ಯಾಸಕಾರನನ್ನ. ಶೆಲ್ ಪೆಟ್ರೋಲ್ ಬಂಕಿನ ಚಿಪ್ಪಿನ ಲೋಗೋ ನೋಡಿದೀರಲ್ಲ, ಅದಕ್ಕೆ ಈಗಿನ ರೂಪ ಕೊಟ್ಟವನು ಅವನೇ. ರಾಕೆಟ್ ಗೊತ್ತಿಲ್ಲ, ಮನುಷ್ಯ ಗೊತ್ತು. ಅವನು ಹಠ ಹಿಡಿದದ್ದು ಕಿಟಕಿಗೆ. ಗಾಳಿಯ ಒತ್ತಡ ತಡೀಬೇಕಾದ ಗೋಡೆಯಲ್ಲಿ ತೂತು ಅಂದ್ರೆ ಖರ್ಚು, ತಡ, ತಲೆನೋವು, ವಿರೋಧ ಬಂತು. ಕೊನೆಗೆ ಊಟದ ಜಾಗದಲ್ಲಿ ಕಿಟಕಿ ಬಂತು. ಒಬ್ಬೊಬ್ಬರಿಗೂ ಸ್ವಂತ ಮೂಲೆ ಬೇಕು ಅಂತಾನೂ ಹೇಳಿದ್ದ. ಊಟದ ಮೇಜು ತ್ರಿಕೋನ: ಮೂವರಲ್ಲಿ ಯಾರೂ ತಲೆಕಡೆ ಕೂರೋ ಯಜಮಾನ ಆಗಬಾರದು ಅಂತ. ಸ್ಕೈಲ್ಯಾಬ್‌ನ ಕೊನೆಯ ತಂಡ 84 ದಿನ ಅಲ್ಲಿತ್ತು. ಬಿಡುವಿದ್ದಾಗ ಅವರಿಗೆ ಪ್ರಿಯವಾದ ಕೆಲಸ ಆ ಕಿಟಕಿಯಲ್ಲಿ ಭೂಮಿ ನೋಡೋದು.

ರಷ್ಯಾದ ಕಡೆ ಗಲೀನಾ ಬಲಾಶೋವಾ ಅನ್ನೋ ವಾಸ್ತುಶಿಲ್ಪಿ 1960ರ ದಶಕದಲ್ಲಿ ಸೋಯುಜ್ ನೌಕೆಯ ಒಳಗಿನ ಕೋಣೆ ವಿನ್ಯಾಸ ಮಾಡಿದರು. ಮೇಲೆ-ಕೆಳಗೆ ಅನ್ನೋದೇ ಇಲ್ಲದ ಜಾಗದಲ್ಲಿ ಬಣ್ಣದಿಂದಲೇ ನೆಲ ಯಾವುದು, ಚಾವಣಿ ಯಾವುದು ಅಂತ ಕಣ್ಣಿಗೆ ತಿಳಿಯೋ ಹಾಗೆ ಮಾಡಿದರು. ಒಂದು ಡಬ್ಬಿ ಪೇಂಟ್, ಮನಸ್ಸಿಗೆ ಆಸರೆ!

ನಮ್ಮ ರಾಜ್ಯದಲ್ಲೇ ಎಷ್ಟು ಮಂದಿ!

'ಅದೆಲ್ಲ ಅಮೆರಿಕ, ರಷ್ಯಾ' ಅಂತೀರಾ? ಕರ್ನಾಟಕಕ್ಕೇ ಬರ್ತೀನಿ.

ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರ 2019ರಿಂದ ಬೆಂಗಳೂರಿನಲ್ಲಿದೆ. ಅದೇ ಊರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆ ಮಾಡಿದವರು ಅಲ್ಲಿನ ವೈದ್ಯರು. 2025ರ ಜುಲೈನಲ್ಲಿ ಇವರಿಬ್ಬರೂ ಸೇರಿ ಬಾಹ್ಯಾಕಾಶ ನೌಕೆಯಂಥ ಇಕ್ಕಟ್ಟಾದ ಜಾಗದಲ್ಲಿ ಜನರನ್ನು ಹತ್ತು ದಿನ ಇಟ್ಟು ಅಧ್ಯಯನ ಮಾಡಿದರು. ಅದರ ಮುಂದಿನ ತಿಂಗಳು ಲಡಾಖ್‌ನ ತ್ಸೋ ಕರ್ ಕಣಿವೆಯಲ್ಲಿ, ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಪ್ರೋಟೋಪ್ಲಾನೆಟ್ ಕಂಪನಿ ಇಸ್ರೋ ಜತೆ ಸೇರಿ 'ಹೋಪ್' ಅನ್ನೋ ಪ್ರಯೋಗದ ಮನೆ ಇಟ್ಟಿತು. ಇರೋಕೆ 8 ಮೀಟರ್ ಅಗಲದ ಒಂದು ಗೂಡು, ಸಾಮಾನು-ಯಂತ್ರಕ್ಕೆ 5 ಮೀಟರಿನ ಇನ್ನೊಂದು. ತೆಳು ಗಾಳಿ, ಕೊರೆಯೋ ಚಳಿ, ಖಾಲಿ ನೆಲ. ಭೂಮಿ ಮೇಲೆ ಮಂಗಳಕ್ಕೆ ಹತ್ತಿರದ ಜಾಗ ಅಂತ ಅದನ್ನ ಆರಿಸಿದ್ದು.

ಊಟ ಮೈಸೂರಿನದು. ಅಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಗನಯಾನಕ್ಕೆ ಆಹಾರ ತಯಾರು ಮಾಡ್ತಿದೆ. ಅವರ ಕಷ್ಟ ಕೇಳಿ: ಪುಡಿ ಉದುರೋ ತಿನಿಸು ಅಲ್ಲಿ ನಡೆಯಲ್ಲ. ಚೂರುಗಳು ಕೆಳಗೆ ಬೀಳಲ್ಲ, ತೇಲಿ ಕಣ್ಣಿಗೆ, ಮೂಗಿಗೆ, ಯಂತ್ರದ ಸಂದಿಗೆ ಹೋಗ್ತವೆ. ಅಂದ್ರೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಎರಡೂ ಅಲ್ಲಿ ಬ್ಯಾನ್!

ಇನ್ನು ಇಟ್ಟಿಗೆ. ಚಂದ್ರನ ಮೇಲೆ ಮನೆ ಕಟ್ಟೋಕೆ ಇಲ್ಲಿಂದ ಸಿಮೆಂಟ್ ಹೊರೋಕಾಗಲ್ಲ. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸೇರಿ ಚಂದ್ರನ ಮಣ್ಣಿನಂಥ ಮಣ್ಣಿಗೆ ಒಂದು ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೌರ್ ಗಮ್ ಬೆರೆಸಿ ಇಟ್ಟಿಗೆಯಂಥ ಗಟ್ಟಿ ಮಾಡಿದರು. ಯೂರಿಯಾ ಮನುಷ್ಯನ ಮೂತ್ರದಿಂದಲೇ ಸಿಗಬಹುದು. ಗೌರ್ ಗಮ್ ಅಂದ್ರೆ? ನಮ್ಮ ಚವಳಿಕಾಯಿ ಬೀಜದ ಅಂಟು! ಬ್ಯಾಕ್ಟೀರಿಯಾ ಸುಣ್ಣದ ಹರಳು ಕಟ್ಟುತ್ತೆ, ಅಂಟು ಹಿಡಿದಿಡುತ್ತೆ. ಮೆಕ್ಯಾನಿಕಲ್ ಎಂಜಿನಿಯರ್‌ಗಳು ಮತ್ತು ಜೀವವಿಜ್ಞಾನ ಸೇರದಿದ್ದರೆ ಈ ಇಟ್ಟಿಗೆ ಹುಟ್ಟುತ್ತಿರಲಿಲ್ಲ.

ಧಾರವಾಡದ ಮೆಂತೆ, ಹೆಸರುಕಾಳು

ಈಗ ಆ ಪೋಸ್ಟರಿನ ವಿಷಯಕ್ಕೆ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಆಕ್ಸಿಯಂ-4 ಯಾನದಲ್ಲಿ ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಹೊರಟರು, ಜುಲೈ 15ಕ್ಕೆ ಮರಳಿದರು. ಅವರು ಅಲ್ಲಿ ಮಾಡಿದ ಭಾರತದ ಪ್ರಯೋಗಗಳಲ್ಲಿ ಒಂದು ಹೆಸರುಕಾಳು ಮತ್ತು ಮೆಂತೆ ಕಾಳು ಮೊಳಕೆ ಬರಿಸೋದು. ಆ ಪ್ರಯೋಗ ರೂಪಿಸಿದ್ದು ಯಾರು? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಾ. ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಡಾ. ಸುಧೀರ್ ಸಿದ್ದಾಪುರೆಡ್ಡಿ. ಒಬ್ಬರು ಬೀಜದ ಕಡೆಯವರು, ಒಬ್ಬರು ಯಂತ್ರದ ಕಡೆಯವರು.

ಕಾಳು ಮೊಳೆಸೋದು ನಮ್ಮ ಅವ್ವಂದಿರ ದಿನನಿತ್ಯದ ಕೆಲಸ: ನೆನೆಸು, ಒದ್ದೆ ಬಟ್ಟೆಯಲ್ಲಿ ಕಟ್ಟು, ಮುಗೀತು. ಮಣ್ಣು ಬೇಡ, ಒಲೆ ಬೇಡ, ಜಾಗ ಬೇಡ. ಇಕ್ಕಟ್ಟಾದ ಮನೆಗೆ ಇದಕ್ಕಿಂತ ಸುಲಭದ ಹಸಿ ಆಹಾರ ಯಾವುದು? ಆದ್ರೆ ಅಲ್ಲಿ ಬೇರಿಗೆ ಕೆಳಗೆ ಯಾವುದು ಅಂತ ತಿಳಿಯಲ್ಲ, ನೀರು ಹರಿಯದೆ ಗುಂಡಾಗಿ ಅಂಟಿಕೊಳ್ಳುತ್ತೆ. ಹಾಗಿದ್ದೂ ಕಾಳು ಮೊಳೆಯುತ್ತಾ, ಪೋಷಕಾಂಶ ಅಷ್ಟೇ ಇರುತ್ತಾ, ಅದರ ಮೇಲಿನ ಸೂಕ್ಷ್ಮಜೀವಿಗಳು ಬದಲಾಗುತ್ತವಾ ಅನ್ನೋದು ಪ್ರಶ್ನೆ. ಶುಕ್ಲಾ ಕಾಳಿಗೆ ನೀರು ಹಾಕಿ ಮೊಳಕೆ ಬರಿಸಿ, ಅದನ್ನ ಶೀತಲ ಪೆಟ್ಟಿಗೆಯಲ್ಲಿಟ್ಟರು, ಇಲ್ಲಿ ಪರೀಕ್ಷೆ ಮಾಡೋಕೆ.

ಇದನ್ನ ತಂಗಿಗೆ ಹೇಳಿದೆ. ಅಗ್ರಿ ಓದಿದವರೆಲ್ಲ ಇಸ್ರೋಗೆ ಹೋಗ್ತಾರೆ ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತೆ. ಸೀಟು ಸಿಕ್ಕ ಮಾತ್ರಕ್ಕೆ ಬಾಗಿಲು ತೆರೆಯಲ್ಲ. ನಾನು ಹೇಳೋದು ಸಣ್ಣದು: ಬಾಗಿಲು ಒಂದೇ ಅಲ್ಲ. ಅಂತರಿಕ್ಷದ ಮನೆಗೆ ಹತ್ತು ಬಾಗಿಲು ಇವೆ, ಅದರಲ್ಲಿ ಒಂದು ನಮ್ಮೂರಿಂದ ಬಸ್ ಹತ್ತಿದ್ರೆ ಬೆಳಗ್ಗೆ ಹೋಗಿ ಸಂಜೆಗೆ ಬರೋಷ್ಟು ಹತ್ತಿರ ಇದೆ.

ಅವಳು ಸುಮ್ಮನೆ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ: "ಮೆಂತೆಕಾಳಿಗೆ ಅಲ್ಲಿ ಬೇರು ಯಾವ ಕಡೆ ಹೊಂಟಿತ್ತಣ್ಣ?" ನನಗೆ ಗೊತ್ತಿರಲಿಲ್ಲ. "ಧಾರವಾಡಕ್ಕೆ ಹೊಂಟೀಯಲ್ಲ, ನೀನೇ ಕೇಳಿ ಬಂದು ಹೇಳು" ಅಂದೆ. ಪೋಸ್ಟರ್ ಇನ್ನೂ ಗೋಡೆಗೆ ಬಂದಿಲ್ಲ. ಹಾಸ್ಟೆಲ್ಲಿಗೆ ಒಯ್ಯೋ ಟ್ರಂಕಿನಲ್ಲಿ, ಬಟ್ಟೆಗಳ ಕೆಳಗೆ, ಸುರುಳಿ ಸುತ್ತಿ ಇಟ್ಟಿದ್ದನ್ನ ನಾನು ನೋಡಿದೆ.

ನಿಮ್ಮ ಮನೆಯಲ್ಲೂ "ನಮ್ಮ ಲೈನ್ ಅಲ್ಲ" ಅಂತ ಕೂತವರಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ನಿಮ್ಮ ಓದಿಗೂ ಅಂತರಿಕ್ಷದ ಮನೆಗೂ ಏನು ನಂಟು ಇರಬಹುದು ಅಂತ ವಾಯ್ಸ್ ನೋಟ್ ಮಾಡಿ, ಮುಂದಿನ ವಾರ ಕೇಳೋಣ. ಬರ್ತೀನ್ರಿ.